ಉಳಿದ ನಲವತ್ತೆರಡು

ನನ್ನ ಗಂಡ ಅಮೋಸ್ ಫಿಸ್ಕ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಮನೆಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ಆದರೂ ತಟ್ಟೆಯನ್ನು ಕೈಯಲ್ಲಿ ಹಿಡಿದು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡುತ್ತಲೇ ಉಣ್ಣುತ್ತಿದ್ದ. ಬಾಯಲ್ಲಿ ಆಲೂಗಡ್ಡೆ, ಆಲೂಗಡ್ಡೆಯ ಸಂದಿಯಲ್ಲಿ ಅಂಕಿ. “ಎರಡು, ಒಂದು, ಮೂರು, ಐದು, ನಾಲ್ಕು, ಏಳು, ಆರು...” ಬೇರೆ ಹೆಂಗಸಾಗಿದ್ದರೆ ಮದುವೆಯಾದ ವಾರಕ್ಕೇ ಇವನಿಗೆ ತಲೆ ಕೆಟ್ಟಿದೆ ಎಂದು ತವರಿಗೆ ಓಡುತ್ತಿದ್ದಳು. ನಾನು ಗಂಟೆ ಬಾರಿಸುವವರ ಮನೆಯಲ್ಲೇ ಹುಟ್ಟಿದವಳು, ಆದ್ದರಿಂದ ಓಡಲಿಲ್ಲ. ಓಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ, ಅದು ಬೇರೆ ಮಾತು.

ನಮ್ಮ ಥಾರ್ಪ್‌ಹ್ಯಾಮ್ ಚರ್ಚಿನ ಗೋಪುರದಲ್ಲಿ ಎಂಟು ಗಂಟೆಗಳಿವೆ. ಎಂಟನೆಯದು ಎಲ್ಲಕ್ಕಿಂತ ದೊಡ್ಡದು. ಪ್ರತಿ ಸಾಲಿನ ಕೊನೆಗೂ ‘ಢಂ’ ಎಂದು ಮುಗಿಸುವುದಷ್ಟೇ ಅದರ ಕೆಲಸ, ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಉಳಿದ ಏಳು ಗಂಟೆಗಳು ಸಾಲು ಸಾಲಿಗೂ ಪಕ್ಕದವರೊಡನೆ ಜಾಗ ಅದಲುಬದಲು ಮಾಡಿಕೊಳ್ಳುತ್ತಾ ಹೋಗಬೇಕು. ರಾಗ ಗೀಗ ನಮ್ಮಲ್ಲಿಲ್ಲ. ಸಾಲು ಬದಲಾಗುವುದೇ ನಮ್ಮ ಸಂಗೀತ. ಏಳು ಗಂಟೆಗಳನ್ನು ಐದು ಸಾವಿರದ ನಲವತ್ತು ಬಗೆಯಲ್ಲಿ ಸಾಲು ನಿಲ್ಲಿಸಬಹುದು. ಒಂದರಿಂದ ಏಳರವರೆಗಿನ ಅಂಕಿಗಳನ್ನೆಲ್ಲ ಗುಣಿಸಿ ನೋಡಿ, ಸರಿಯಾಗಿ ಅಷ್ಟೇ ಬರುತ್ತದೆ. ಅವುಗಳಲ್ಲಿ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಬಾರಿಸದೆ, ಕೊನೆಗೆ ಮೊದಲಿನ ಸಾಲಿಗೇ ಬಂದು ಮುಟ್ಟಿದರೆ ಅದು ಪೂರ್ಣ ಸುತ್ತು. ಅದಕ್ಕೆ ಮೂರು ತಾಸು ಬೇಕು. ನಡುವೆ ಹಗ್ಗ ಬಿಟ್ಟು ಮೂಗು ಒರೆಸಿಕೊಳ್ಳುವಂತಿಲ್ಲ, ಬದಲಿ ಆಳು ಬರುವಂತಿಲ್ಲ, ಕಾಗದ ನೋಡುವಂತಿಲ್ಲ. ಒಬ್ಬರು ಎಡವಿದರೂ ಎಂಟು ಜನರ ಬೆವರು ನೀರಿನಲ್ಲಿ ಹೋಮ.

ಅಮೋಸ್ ಅಂಚೆ ಹಂಚುವವನು. ಹೊಟ್ಟೆಪಾಡಿಗೆ ಆ ಕೆಲಸ, ತಲೆಯೆಲ್ಲ ಗೋಪುರದಲ್ಲಿ. ಒಂದು ಬೆಳಗ್ಗೆ ಚರ್ಚಿನ ಹಿಂದಿನ ಬೀದಿಯ ಏಳು ಮನೆಗಳಿಗೆ ಕಾಗದ ಹಂಚುವಾಗ ಮಹಾರಾಯ ಮೊದಲನೆಯ ಮನೆಯದ್ದನ್ನು ಎರಡನೆಯದಕ್ಕೆ ಹಾಕಿದ, ಎರಡನೆಯದನ್ನು ಮೊದಲನೆಯದಕ್ಕೆ. ನಾಲ್ಕು ಮತ್ತು ಐದು ಅದಲುಬದಲು, ಆರು ಮತ್ತು ಏಳು ಅದಲುಬದಲು. ಮೂರನೆಯ ಮನೆಯ ವಿಧವೆಗೊಬ್ಬಳಿಗೇ ಸರಿಯಾದ ಕಾಗದ ಸಿಕ್ಕಿದ್ದು. ಬೀದಿಯವರೆಲ್ಲ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದರು. ನಾನು ಆ ಸಾಲನ್ನು ಕೇಳಿದೊಡನೆಯೇ ಹಣೆ ಹಣೆ ಚಚ್ಚಿಕೊಂಡೆ.

“ಇದು ತಪ್ಪಲ್ಲ ಕಣೆ ಹೆಸ್ಟರ್, ಎರಡನೇ ಸಾಲು!” ಎಂದ ಅವನು, ನಾಚಿಕೆಯ ಸುಳಿವೂ ಇಲ್ಲದೆ. “ಅವ್ರು ಇನ್ನೊಂದು ದಿನ ತಡ್ಕೊಂಡಿದ್ರೆ ಮೂರನೇದೂ ಆಗ್ತಿತ್ತು.”

“ಅವ್ರು ತಡ್ಕೊಂಡಿದ್ರೆ ನಿನ್ನ ಕೆಲ್ಸ ಇರ್ತಿರ್ಲಿಲ್ಲ, ಮುದುಕ. ಹೋಗು, ಕ್ಷಮೆ ಕೇಳ್ಕೊಂಡು ಬಾ.”

ಐದು ಸಾವಿರದ ನಲವತ್ತು ಎಂಬ ಆ ಸಂಖ್ಯೆ ನನ್ನ ಸವತಿ. ಉತ್ಪ್ರೇಕ್ಷೆಯಲ್ಲ, ಅವನು ಅದನ್ನು ‘ಅವಳು’ ಎಂದೇ ಕರೆಯುತ್ತಿದ್ದ. “ಎಂಥ ಧಾರಾಳಿ ಗೊತ್ತಾ ಅವಳು? ಇಬ್ರು ಬಂದ್ರೂ ಸಮ ಪಾಲು, ಮೂವರಿಗೂ ಸಮ ಪಾಲು. ಐದು ಜನ ಬರ್ಲಿ, ಏಳು, ಎಂಟು, ಒಂಬತ್ತು, ಹತ್ತು ಜನ ಬರ್ಲಿ, ಒಂದು ಚೂರೂ ಮಿಗದ ಹಾಗೆ ಹಂಚಿ ಕಳಿಸ್ತಾಳೆ. ಹನ್ನೊಂದು ಜನ ಬಂದ್ರೆ ಮಾತ್ರ ಬಾಗ್ಲು ತೆಗೆಯಲ್ಲ. ಹನ್ನೆರಡು ಜನ ಬಂದ್ರೆ ಮತ್ತೆ ತೆಗೀತಾಳೆ!” ಭಾನುವಾರದ ಗೋಮಾಂಸ ಕೊಯ್ಯುತ್ತಾ ಹೀಗೆ ಹೊಗಳುತ್ತಿದ್ದ. ನನ್ನ ಅಡುಗೆಯನ್ನು ಒಂದು ದಿನ ಹಾಗೆ ಹೊಗಳಿದ್ದರೆ ನಾನೂ ಧಾರಾಳಿಯಾಗುತ್ತಿದ್ದೆನೇನೋ.

ಆದರೆ ಇಷ್ಟೊಂದು ಧಾರಾಳಿಯಾದ ಅವಳು ಇವನಿಗೆ ಒಂದು ವಿಷಯದಲ್ಲಿ ಮಾತ್ರ ಬಗ್ಗಲೇ ಇಲ್ಲ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ, ಹೇಳುತ್ತೇನೆ. ಗಂಟೆಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಎಪ್ಪತ್ತು ಸಾಲಿಗೆ ತಿರುಗಿ ಮೊದಲಿಗೇ ಬಂದುಬಿಡುತ್ತವೆ. ಹಾಗೆ ಆಗದಂತೆ ಬಾರಿಸುವವರ ಮುಖ್ಯಸ್ಥ ಆಗಾಗ “ಬಾಬ್!” ಎಂದು ಕೂಗುತ್ತಾನೆ, ಕೂಗಿದಾಗ ಗಂಟೆಗಳು ದಾರಿ ಬದಲಿಸಿ ಹೊಸ ಸಾಲುಗಳತ್ತ ಹೊರಡುತ್ತವೆ. ಬಾಬ್‌ಗಳನ್ನು ಜಾಣತನದಿಂದ ಕೂಗುತ್ತಾ ಹೋದರೆ ನಾಲ್ಕು ಸಾವಿರದ ಒಂಬೈನೂರ ತೊಂಬತ್ತೆಂಟು ಸಾಲುಗಳವರೆಗೆ ಹೋಗಬಹುದು. ಅಲ್ಲಿಗೆ ಗೋಡೆ. ನಲವತ್ತೆರಡು ಸಾಲು ಹೊರಗೇ ಉಳಿದುಬಿಡುತ್ತವೆ. ಅವನ್ನು ಒಳಗೆ ತರಬೇಕೆಂದರೆ ಕೊನೆಯಲ್ಲಿ ಎರಡು ಸಲ “ಸಿಂಗಲ್!” ಎಂದು ಕೂಗಬೇಕು. ಆ ಕೂಗಿಗೆ ಜೋಡಿಗಳಲ್ಲೊಂದು ಜಾಗ ಬದಲಿಸದೆ ನಿಂತಲ್ಲೇ ನಿಲ್ಲುತ್ತದೆ, ಅದರಿಂದ ಹೊಸ ಬಾಗಿಲು ತೆರೆಯುತ್ತದೆ. ಇಂಗ್ಲೆಂಡಿನ ಗೋಪುರಗಳಲ್ಲೆಲ್ಲ ಜನ ಹೀಗೇ ಬಾರಿಸುತ್ತಾರೆ, ಯಾರಿಗೂ ಅದರಿಂದ ಹೊಟ್ಟೆನೋವು ಬಂದಿಲ್ಲ.

ಅಮೋಸ್‌ಗೆ ಬಂದಿತ್ತು. “ಸಿಂಗಲ್ ಅಂದ್ರೆ ತೇಪೆ. ಹೊಸ ಅಂಗಿಗೆ ಯಾರಾದ್ರೂ ತೇಪೆ ಹಾಕ್ತಾರಾ? ಬರೀ ಬಾಬ್‌ನಲ್ಲೇ ಐದು ಸಾವಿರದ ನಲವತ್ತೂ ಬರೋ ದಾರಿ ಇದ್ದೇ ಇದೆ. ನಂಗೆ ಸಿಗೋವರೆಗೂ ಈ ಗೋಪುರದಲ್ಲಿ ಪೂರ್ಣ ಸುತ್ತು ಇಲ್ಲ.” ಅವನು ಮುಖ್ಯಸ್ಥ, ಅವನ ಮಾತೇ ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೀಗೆ ಮೂವತ್ತು ವರ್ಷ ಕಳೆಯಿತು. ಚಳಿಗಾಲವೆಲ್ಲ ಅಡುಗೆಮನೆಯಲ್ಲಿ ಅತ್ತಿತ್ತ ತಿರುಗುತ್ತಾ ಸಾಲು ಕಟ್ಟುತ್ತಿದ್ದ, ವಸಂತಕ್ಕೆ ಬಂದು ಅದೇ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದ. ಪ್ರತಿ ಸಲವೂ ಅದೇ ನಲವತ್ತೆರಡು ಹೊರಗೆ. ನಾವು ಉಳಿದವರು ಭಾನುವಾರದ ಪೂಜೆಗೂ ಮದುವೆಗಳಿಗೂ ಒಂದಿಷ್ಟು ತುಂಡು ತುಂಡು ಬಾರಿಸಿ ಮನೆಗೆ ಬರುತ್ತಿದ್ದೆವು. ಒಳ್ಳೆಯ ಕೈಗಳು ಎಷ್ಟೋ ಬೇಸತ್ತು ಬೇರೆ ಊರಿನ ಗೋಪುರಕ್ಕೆ ಹೋದವು.

ಹೋಗದೆ ಉಳಿದವನು ನನ್ನ ತಮ್ಮ ಸೆತ್. ಹುಲ್ಲಿನ ಛಾವಣಿ ಹೊದಿಸುವುದು ಅವನ ಕಸುಬು. ನಮ್ಮ ಸುತ್ತಲಿನ ಅರ್ಧ ಮನೆಗಳ ತಲೆಯ ಮೇಲೆ ಅವನ ಕೈಕೆಲಸವಿದೆ. ಗೋಪುರದಲ್ಲಿ ಐದನೆಯ ಗಂಟೆ ಅವನದು. ಭಾವನ ಹಠ ಅವನಿಗೆ ತಮಾಷೆಯಾಗಿತ್ತು. “ಅವ್ನು ಹುಡುಕ್ಲಿ ಬಿಡಕ್ಕ. ನಂಗೇನು ಅವಸರ?” ಎನ್ನುತ್ತಿದ್ದ. ಐವತ್ತು ದಾಟಿದ ಮೇಲೆ ಅವನಿಗೆ ಅವಸರ ಬಂತು. ಮೊದಲು ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ಅಲುಗತೊಡಗಿತು. ಆಮೇಲೆ ಇಡೀ ಕೈ. ನಡುಕದ ಕಾಯಿಲೆ, ಕಡಿಮೆಯಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು.

ಅವನಿಗೆ ಬೇಕಾಗಿದ್ದದ್ದು ಒಂದೇ. ಕೈ ಪೂರ್ತಿ ಸೋಲುವ ಮೊದಲು ಒಂದು ಪೂರ್ಣ ಸುತ್ತು ಬಾರಿಸಬೇಕು. ಹನ್ನೆರಡನೆಯ ವಯಸ್ಸಿನಿಂದ ಹಗ್ಗ ಎಳೆದವನು ಒಂದು ಸಲವೂ ಮೊದಲಿಂದ ಕೊನೆಯವರೆಗೆ ಹೋಗಿ ಬಂದಿರಲಿಲ್ಲ. ಬೇರೆ ಊರಿನ ಗೋಪುರಕ್ಕೆ ಹೋಗೋಣವೆಂದರೆ ನಡುಗುವ ಕೈಗೆ ಹಗ್ಗ ಕೊಡುವವರು ಯಾರು? ಕೊಟ್ಟರೆ ನಾವೇ ಕೊಡಬೇಕು. ನನ್ನ ಗಂಡ ನೋಡಿದರೆ ತೇಪೆ ತೇಪೆ ಎಂದು ಜಪ ಮಾಡುತ್ತಾ ಕೂತಿದ್ದ. ಕೂತಿದ್ದ ಎಂದರೆ ತಪ್ಪಾದೀತು, ಓಡಾಡುತ್ತಿದ್ದ. ನನಗೆ ಆ ದಿನಗಳಲ್ಲಿ ಅವನ ಹೆಜ್ಜೆ ಸಪ್ಪಳ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಬಂದವಳು ಮಿಸ್ ಪೀಕ್. ಪಕ್ಕದ ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ನಮ್ಮಲ್ಲಿ ಮೊದಲನೆಯ ಗಂಟೆ ಬಾರಿಸುತ್ತಾಳೆ, ಮಾತು ಕಡ್ಡಿ ಮುರಿದಂತೆ. ಒಂದು ಸಂಜೆ ಅವಳು ನಮ್ಮ ಅಡುಗೆಮನೆಗೆ ಬಂದು, ಟೋಪಿಯನ್ನೂ ತೆಗೆಯದೆ, “ಮಿಸ್ಟರ್ ಫಿಸ್ಕ್, ನೀವು ಹುಡುಕ್ತಿರೋದು ಇಲ್ಲ” ಎಂದಳು.

“ಇನ್ನೂ ಸಿಕ್ಕಿಲ್ಲ ಅನ್ನಿ.”

“ಸಿಕ್ಕಿಲ್ಲ ಅಲ್ಲ, ಇಲ್ಲ. ತೊಂಬತ್ತು ವರ್ಷದ ಹಿಂದೆಯೇ ಸಾಬೀತಾಗಿದೆ. ನಾನು ಎರಡು ಸಲ ಹೇಳ್ದೆ, ನೀವು ಎರಡು ಸಲವೂ ಕೆಮ್ಮಿದ್ರಿ.” ಅವಳು ನನ್ನತ್ತ ತಿರುಗಿದಳು. “ಹೆಸ್ಟರ್, ಕಪ್ಪು ದಾರ ಇದ್ರೆ ಕೊಡಿ. ಕತ್ತರಿನೂ.”

ನಾನು ದಾರದ ಉರುಳೆ ತಂದುಕೊಟ್ಟೆ. ಅವಳು ದಾರವನ್ನು ಕತ್ತರಿಸಿ ಸಣ್ಣ ಸಣ್ಣ ಬಳೆಗಳಾಗಿ ಗಂಟು ಹಾಕಿ ಮೇಜಿನ ಮೇಲೆ ಆರು ಬಳೆ ಇಟ್ಟಳು. “ಬಾಬ್ ಕೂಗದೇ ಇದ್ರೆ ನಿಮ್ಮ ಐದು ಸಾವಿರದ ನಲವತ್ತು ಸಾಲು ಎಪ್ಪತ್ತೆರಡು ಬಿಡಿ ಬಳೆಗಳ ಹಾಗೆ ಇರುತ್ವೆ. ಒಂದೊಂದು ಬಳೇಲೂ ಎಪ್ಪತ್ತು ಸಾಲು. ನಿಮ್ಗೆ ಬೇಕಾಗಿರೋದು ಎಲ್ಲಾ ಸೇರಿ ಒಂದೇ ದೊಡ್ಡ ಬಳೆ, ಸರಿ ತಾನೆ? ಇಲ್ಲಿ ಆರೇ ಸಾಕು. ಈಗ ಬಾಬ್ ಅಂದ್ರೇನು? ಒಂದೇ ಕಡೆ ಕತ್ತರಿಸೋಕಾಗಲ್ಲ. ಕತ್ತರಿಸಿದ್ರೆ ಮೂರು ಕಡೆ ಕತ್ತರಿಸ್ಬೇಕು, ಆ ಮೂರು ತುದಿಗಳ್ನ ಒಂದರದ್ದು ಇನ್ನೊಂದಕ್ಕೆ ಅಂತ ಸುತ್ತಿಗೆ ಗಂಟು ಹಾಕ್ಬೇಕು. ಇಲ್ದಿದ್ರೆ ಯಾವುದೋ ಸಾಲು ಎರಡು ಸಲ ಬರುತ್ತೆ.”

“ಅದು ನಂಗೊತ್ತು” ಎಂದ ಅಮೋಸ್.

“ಹಾಗಾದ್ರೆ ಮಾಡಿ ನೋಡಿ.”

ಅವನು ಕತ್ತರಿ ತೆಗೆದುಕೊಂಡ. ಮೂರು ಬಳೆ ಕತ್ತರಿಸಿ ಗಂಟು ಹಾಕಿದ. ಮೂರೂ ಸೇರಿ ಒಂದಾಯಿತು, ಆರು ಇದ್ದದ್ದು ನಾಲ್ಕು. ಮತ್ತೆ ಮೂರು ಕತ್ತರಿಸಿದ, ಎರಡಾಯಿತು. “ನೋಡ್ದೆಯಾ!” ಎಂದು ನನ್ನ ಕಡೆ ಕಣ್ಣು ಹೊಡೆದು ಮತ್ತೆ ಕತ್ತರಿಸಿದ. ಎರಡು ಎರಡಾಗಿಯೇ ಉಳಿಯಿತು. ಇನ್ನೊಂದು ರೀತಿ ಕತ್ತರಿಸಿದ, ನಾಲ್ಕಾಯಿತು. ಮತ್ತೆ ಎರಡು. ಮಿಸ್ ಪೀಕ್ ಚಹಾ ಕುಡಿದಳು, ಕೇಕಿನ ತುಂಡು ತಿಂದಳು. ದಾರ ಚಿಕ್ಕದಾಗುತ್ತಾ ಬಂತು, ಗಂಟು ಹೆಚ್ಚುತ್ತಾ ಹೋಯಿತು. ಒಂದೇ ಬಳೆ ಮಾತ್ರ ಆಗಲೇ ಇಲ್ಲ.

“ಮೂರು ಕಡೆ ಕತ್ತರಿಸಿ ಕಟ್ಟಿದ್ರೆ ಬಳೆಗಳ ಲೆಕ್ಕ ಒಂದೋ ಅಷ್ಟೇ ಇರುತ್ತೆ, ಇಲ್ಲಾ ಎರಡು ಹೆಚ್ಚುತ್ತೆ, ಇಲ್ಲಾ ಎರಡು ಇಳಿಯುತ್ತೆ” ಎಂದಳು ಕೊನೆಗೆ. “ಎಪ್ಪತ್ತೆರಡು ಸಮಸಂಖ್ಯೆ. ಅಲ್ಲಿಂದ ಹೊರಟ್ರೆ ಎರಡಕ್ಕೆ ಬರ್ಬಹುದು, ಒಂದಕ್ಕೆ ಯಾವತ್ತೂ ಬರೋಕಾಗಲ್ಲ. ನೀವು ಎಷ್ಟೇ ಜಾಣತನ ಮಾಡಿ, ಹೊರಗೊಂದು ಬಳೆ ಉಳಿದೇ ಉಳಿಯುತ್ತೆ. ಕತ್ತರಿಸ್ತಾ ಕತ್ತರಿಸ್ತಾ ಎಪ್ಪತ್ತರಿಂದ ಇಳಿದಿರೋ ನಿಮ್ಮ ನಲವತ್ತೆರಡು ಅದೇನೇ. ಎರಡು ಸಿಂಗಲ್‌ಗಳ ಜೋಡಿ ಮಾತ್ರ ಎರಡೇ ಕಡೆ ಕತ್ತರಿಸಿ ಕಟ್ಟುತ್ತೆ, ಆಗ ಎರಡು ಬಳೆ ಸೇರಿ ಒಂದಾಗುತ್ತೆ. ಅದಕ್ಕೇ ಅದು ಬೇಕು.”

ಅಮೋಸ್ ಕತ್ತರಿಯನ್ನು ಮೇಜಿನ ಮೇಲೆ ಇಟ್ಟ. ಮುಖ ಇದ್ದಿಲು. ಕೋಟು ಹಾಕಿಕೊಂಡು ಬಾಗಿಲು ದಡಾರನೆ ಎಳೆದು ಹೊರಟೇಹೋದ. ನನಗೆ ಪಾಪ ಅನಿಸಿತು, ಸುಳ್ಳೇಕೆ ಹೇಳಲಿ. ಕೋಪವೂ ಬಂತು. ಇಷ್ಟಾದ ಮೇಲಾದರೂ ಸೋಲು ಒಪ್ಪುತ್ತಾನೆ ಎಂದುಕೊಂಡೆ. ಒಪ್ಪುವ ಪ್ರಾಣಿಯೇ ಅದು? ಮರುದಿನ ಎದ್ದು, “ದಾರ ಬೇರೆ, ಗಂಟೆ ಬೇರೆ. ಇನ್ನೊಂದು ಚಳಿಗಾಲ ನೋಡ್ತೀನಿ” ಎಂದ. ನಾನು ಗಂಜಿಯ ಪಾತ್ರೆಯನ್ನು ಅವನ ಮುಂದೆ ಕುಕ್ಕಿದೆ, ಅದು ಅರ್ಧ ಚೆಲ್ಲಿತು.

ಆ ಭಾನುವಾರ ಸೆತ್ ಊಟಕ್ಕೆ ಬಂದಿದ್ದ. ಫೋರ್ಕಿನಲ್ಲಿ ಬಟಾಣಿ ಎತ್ತುತ್ತಿದ್ದ. ಬಾಯಿಗೆ ಹೋಗುವಷ್ಟರಲ್ಲಿ ಒಂದೂ ಉಳಿಯುತ್ತಿರಲಿಲ್ಲ. ನಾನು ನೋಡದವಳಂತೆ ರೊಟ್ಟಿಗೆ ಬೆಣ್ಣೆ ಸವರಿದೆ. ಅಮೋಸ್ ಒಲೆಗೂ ಕಿಟಕಿಗೂ ನಡುವೆ ಏನೋ ಗುಣುಗುಣಿಸುತ್ತಿದ್ದ. ಸೆತ್ ಫೋರ್ಕನ್ನು ಕೆಳಗಿಟ್ಟ.

“ಗುರುವಾರ ಏಣಿ ಇಳಿದುಬಿಟ್ಟೆ ಅಮೋಸ್. ಕಟುಕ ಕ್ಲೆಮ್ ಮನೆ ಛಾವಣಿ ಅರ್ಧಕ್ಕೇ ಬಿಟ್ಟೆ. ಹುಲ್ಲು ಬಿಗಿಯೋ ಕಡ್ಡಿ ತಿರುಚೋಕೆ ಆಗ್ತಿಲ್ಲ.”

ಅಮೋಸ್‌ನ ಗುಣುಗುಣು ನಿಂತಿತು.

“ಇನ್ನೊಂದು ಚಳಿಗಾಲ ಬೇಕಂತೆ ನಿಂಗೆ, ಅಕ್ಕ ಹೇಳಿದ್ಲು. ತಗೋ, ನಂದೇನೂ ತಕರಾರಿಲ್ಲ. ನಿನ್ನ ಸಂಖ್ಯೆಗೆ ವಯಸ್ಸಾಗಲ್ಲ ಕಣೋ. ನೂರು ವರ್ಷ ಬಿಟ್ಟು ಬಂದ್ರೂ ಇಷ್ಟೇ ಇರುತ್ತೆ. ನನ್ನ ಕೈ ಇರಲ್ಲ. ಮುಂದಿನ ಬೇಸಿಗೇಗೆ ನಾನು ಪ್ಯಾಂಟಿನ ಗುಂಡಿ ಹಾಕ್ಕೊಳ್ಳೋಕೂ ಯಾರನ್ನಾದ್ರೂ ಕರೀಬೇಕು. ಒಂದು ಸಲ, ಅಮೋಸ್. ತೇಪೆ ಇರ್ಲಿ, ತೂತಿರ್ಲಿ. ಒಂದೇ ಒಂದು ಸಲ ನಾನು ಎಲ್ಲಾನೂ ಬಾರಿಸ್ಬೇಕು.”

ನನ್ನ ತಮ್ಮ ಯಾರನ್ನೂ ಏನನ್ನೂ ಬೇಡಿದವನಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಎದ್ದು ಹಿತ್ತಲಿಗೆ ಹೋದೆ. ಕಿಟಕಿಯಿಂದ ಕಂಡದ್ದು ಇಷ್ಟು: ಅಮೋಸ್ ಮೇಜಿನ ಹತ್ತಿರ ಬಂದು, ಸೆತ್‌ನ ತಟ್ಟೆಯ ಬಟಾಣಿಗೆ ಆಲೂಗಡ್ಡೆ ಸೇರಿಸಿ ಚಮಚದಿಂದ ಹಿಸುಕಿ, ಆ ಚಮಚವನ್ನು ಅವನ ಕೈಗೆ ಕೊಟ್ಟ. ನಾನು ಕಣ್ಣೊರೆಸಿಕೊಂಡು ಒಳಗೆ ಬರುವಷ್ಟರಲ್ಲಿ ಮಾತು ಮುಗಿದಿತ್ತು.

“ಶನಿವಾರ ಮಧ್ಯಾಹ್ನ” ಎಂದ ಅಮೋಸ್ ನನಗೆ. “ಎಲ್ರಿಗೂ ಹೇಳು. ಸಿಂಗಲ್ ಇರುತ್ತೆ ಅಂತನೂ ಹೇಳು.” ಕೊನೆಯ ಮಾತು ಹೇಳುವಾಗ ಹಾಗಲಕಾಯಿ ಜಗಿದವನ ಮುಖವಾಗಿತ್ತು.

ಎಪ್ಪತ್ತೆಂಟರ ಮೇ ತಿಂಗಳು ಅದು. ಗೋಪುರದೊಳಗೆ ಸೆಕೆ, ಗಂಡಸರೆಲ್ಲ ಕೋಟು ಕಳಚಿ ಮೊಳೆಗೆ ತಗುಲಿಸಿದರು. ಮಿಸ್ ಪೀಕ್ ಮೊದಲನೆಯ ಗಂಟೆ, ನಾನು ಮೂರನೆಯದು, ಸೆತ್ ಐದನೆಯದು, ಅಮೋಸ್ ಏಳನೆಯದು. ಎಂಟನೆಯ ದೊಡ್ಡ ಗಂಟೆಗೆ ಕಟುಕ ಕ್ಲೆಮ್. ಅದನ್ನು ಎಳೆಯಲು ಅವನಂಥ ತೋಳೇ ಬೇಕು. ಎರಡು, ನಾಲ್ಕು, ಆರಕ್ಕೆ ಊರಿನ ಇನ್ನೂ ಮೂವರು. ಹಗ್ಗದ ಉಣ್ಣೆಯ ಹಿಡಿಯನ್ನು ಹಿಡಿದು ಎಲ್ಲರೂ ವೃತ್ತವಾಗಿ ನಿಂತೆವು.

“ನಡುಗಿದ್ರೆ ಬೈಯ್ಬೇಡ್ರಪ್ಪ” ಎಂದ ಸೆತ್.

“ನೀನು ನಡುಗು. ಗಂಟೆ ನಡುಗದಿದ್ರೆ ಸಾಕು” ಎಂದ ಕ್ಲೆಮ್. ಎಲ್ಲರೂ ನಕ್ಕೆವು, ಅಮೋಸ್ ನಗಲಿಲ್ಲ.

“ಹೊರಟೆ... ಹೋದೆ” ಎಂದಳು ಮಿಸ್ ಪೀಕ್ ರೂಢಿಯ ಮಾತಿನಲ್ಲಿ. ಮೇಲೆ ಗಂಟೆಗಳು ಬಾಯಿ ತೆರೆದವು.

ನಾನು ಹೆದರಿದ್ದು ಶುರುವಿನ ಬಗ್ಗೆ. ಆದರೆ ದೇವರಾಣೆ, ಹಗ್ಗ ಕೈಗೆ ಬಂದದ್ದೇ ಸೆತ್‌ನ ನಡುಕ ಎಲ್ಲಿ ಹೋಯಿತೋ ತಿಳಿಯದು! ಎಳೆದು ಬಿಡುವ ತಾಳ ಅವನ ಮೈಯನ್ನು ಹಿಡಿದುಕೊಂಡಿತ್ತು. ಎರಡು ತಾಸು ಅವನು ಹದಿಹರೆಯದವನಂತೆ ಬಾರಿಸಿದ. ಅವನ ಗಂಟೆ ನನ್ನ ಗಂಟೆಯ ಹಿಂದೆ ಮುಂದೆ ಎಷ್ಟು ನಿಖರವಾಗಿ ಬೀಳುತ್ತಿತ್ತೆಂದರೆ ನಾನು ಅವನನ್ನು ನೋಡುವುದನ್ನೇ ಬಿಟ್ಟೆ. ಅಮೋಸ್ ನಡುನಡುವೆ “ಬಾಬ್!” ಎನ್ನುತ್ತಿದ್ದ. ಅವನ ಮುಖದಲ್ಲಿ ಬೆವರು ಇಳಿಯುತ್ತಿತ್ತು, ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಇಷ್ಟೂ ಸಾಲುಗಳು ಆ ಬೋಳುತಲೆಯೊಳಗೆ ಒಂದರ ಕಾಲು ಒಂದು ತುಳಿಯದಂತೆ ಸಾಗುತ್ತಿದ್ದವು. ಬೈದುಕೊಂಡರೂ ನನಗೆ ಅವನ ಬಗ್ಗೆ ಹೆಮ್ಮೆಯಾಯಿತು.

ಮೂರನೆಯ ತಾಸಿನಲ್ಲಿ ಕೆಟ್ಟಿತು. ಐದನೆಯ ಗಂಟೆ ಒಂದು ಸಲ ತಡವಾಯಿತು, ಇನ್ನೊಂದು ಸಲ ಬೇಗ ಬಿತ್ತು. ನೋಡಿದರೆ ಸೆತ್‌ನ ಎಡಗೈ ಹಗ್ಗದ ಮೇಲೆ ಕುಣಿಯುತ್ತಿದೆ, ಅಂಗಿ ಮೈಗೆ ಅಂಟಿದೆ, ತುಟಿ ಬಿಳಿಚಿದೆ. ಒಮ್ಮೆ ಉಣ್ಣೆಯ ಹಿಡಿ ಅವನ ಬೆರಳಿನಿಂದ ಜಾರಿ ಮೇಲಕ್ಕೆ ಹೋಯಿತು. ಕೊನೆಯ ಕ್ಷಣದಲ್ಲಿ ಬಲಗೈಯಿಂದ ಬಾಚಿ ಹಿಡಿದ. “ಹಿಡ್ಕೋ ಸೆತ್, ಮಿಸ್ ಪೀಕ್ ಹಿಂದೆ, ಈಗ ನನ್ನ ಹಿಂದೆ” ಎಂದು ಅಮೋಸ್ ಮೆಲ್ಲಗೆ ಹೇಳುತ್ತಾ ಅವನನ್ನು ಸಾಲಿನಿಂದ ಸಾಲಿಗೆ ದಾಟಿಸತೊಡಗಿದ. ಕ್ಲೆಮ್ ನನ್ನತ್ತ ನೋಡಿ ಹುಬ್ಬು ಹಾರಿಸಿದ. ನಿಲ್ಲಿಸೋಣವೇ ಎಂದು ಅದರ ಅರ್ಥ. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಹೀಗೆ ಏಳುತ್ತಾ ಬೀಳುತ್ತಾ ಆ ಜಾಗ ಬಂತು. ಆ ಕೊನೆಯ ಸಾಲುಗಳು ನನಗೆ ಬಾಯಿಪಾಠ. ಮೂವತ್ತು ವರ್ಷ ನನ್ನ ಒಲೆಯ ಪಕ್ಕ ಕೇಳಿದ್ದು ಅವೇ ತಾನೇ. ಗಂಟೆಗಳು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಹತ್ತಿರವಾಗುತ್ತಿದ್ದವು. ಈಗ ಅಮೋಸ್ ಸಿಂಗಲ್ ಎಂದರೆ ಹೊರಗಿನ ನಲವತ್ತೆರಡಕ್ಕೆ ಬಾಗಿಲು ತೆರೆಯುತ್ತದೆ. ಸುಮ್ಮನಿದ್ದರೆ ಗಂಟೆಗಳು ತಮ್ಮಷ್ಟಕ್ಕೆ ಮೊದಲ ಸಾಲಿಗೆ ಬಂದು ಮುಗಿದುಬಿಡುತ್ತವೆ. ಕೆಳಗೆ ಬೀದಿಯಲ್ಲಿ ನಿಂತವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ನನ್ನ ತಮ್ಮ ಹಗ್ಗ ಬಿಟ್ಟು ಕೂರಬಹುದು.

ಸಿಂಗಲ್ ಕರೆಯೋ, ಕರೆಯೋ ಎಂದು ವರ್ಷಗಟ್ಟಲೆ ಗಂಡನ ತಲೆ ತಿಂದವಳು ನಾನು. ಆ ಗಳಿಗೆಯಲ್ಲಿ ಅವನ ಮುಖವನ್ನೇ ನೋಡುತ್ತಾ ಬೇಡ ಎಂದು ತಲೆಯಾಡಿಸಿದೆ. ಬೇಡ ಅಮೋಸ್, ಸಾಕು, ಇವನು ಬಿದ್ದುಹೋಗುತ್ತಾನೆ. ಬಾಯಿಬಿಟ್ಟು ಹೇಳುವಂತಿರಲಿಲ್ಲ, ಕಣ್ಣಲ್ಲೇ ಗೋಗರೆದೆ. ಅವನು ನನ್ನನ್ನು ನೋಡಿದ. ಅವನಿಗೆ ಅರ್ಥವಾಯಿತು, ನನಗೆ ಗೊತ್ತು. ಆಮೇಲೆ ಸೆತ್‌ನನ್ನು ನೋಡಿದ.

ಸೆತ್ ಹಲ್ಲು ಕಚ್ಚಿದ್ದ. ಕೂದಲಿನ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿಲ್ಲ. “ಕರೆಯೋ!” ಎಂದ. ಗೋಪುರದಲ್ಲಿ ಮುಖ್ಯಸ್ಥನನ್ನು ಬಿಟ್ಟು ಬೇರೆ ಯಾರೂ ಹಾಗೆ ಕೂಗುವಂತಿಲ್ಲ. ಯಾರೂ ಅವನನ್ನು ಗದರಿಸಲಿಲ್ಲ.

“ಸಿಂಗಲ್!”

ಅಮೋಸ್‌ನ ದನಿ ನಡುವೆ ಸೀಳಿಹೋಯಿತು. ಗಂಟೆಗಳು ಮನೆಯ ಹೊಸ್ತಿಲವರೆಗೆ ಬಂದು ತಟ್ಟನೆ ತಿರುಗಿ ಹೊರಟವು. ನಾವೆಂದೂ ಬಾರಿಸಿರದ ಸಾಲುಗಳು ಅವು. ಮೂವತ್ತು ವರ್ಷ ನಮ್ಮ ತಲೆಯ ಮೇಲೇ ಇದ್ದರೂ ಯಾರೂ ಕೇಳಿಸಿಕೊಂಡಿರಲಿಲ್ಲ. ಒಂದೂವರೆ ನಿಮಿಷವೂ ಹಿಡಿಯುವುದಿಲ್ಲ ಅಷ್ಟಕ್ಕೆ. ನನಗೆ ಅದು ಒಂದು ಹೆರಿಗೆಯಷ್ಟು ಉದ್ದವಾಯಿತು. ಪ್ರತಿ ಎಳೆತಕ್ಕೂ ಸೆತ್ ಗಂಟಲಿನಿಂದ ಒಂದು ಸದ್ದು ಮಾಡುತ್ತಿದ್ದ. ಅಮೋಸ್ ಅವನ ಮುಖದಿಂದ ಕಣ್ಣು ತೆಗೆಯದೆ “ಈಗ. ಈಗ. ಈಗ” ಎನ್ನುತ್ತಿದ್ದ, ಐದನೆಯ ಗಂಟೆ ಆ ಮಾತಿನ ಮೇಲೇ ಬೀಳುತ್ತಿತ್ತು. ಎರಡನೆಯ ಸಿಂಗಲ್ಲನ್ನು ಅವನು ಯಾವಾಗ ಕರೆದನೆಂದು ನನಗೆ ನೆನಪೇ ಇಲ್ಲ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು ಎಂದು ಗಂಟೆಗಳು ಮೆಟ್ಟಿಲಿಳಿದಂತೆ ಇಳಿದು ಬಂದಾಗಲೇ ನಾನು ಉಸಿರು ಬಿಟ್ಟದ್ದು.

“ಅಷ್ಟೇ!” ಎಂದ ಅಮೋಸ್. “ನಿಲ್ಲಿಸಿ!”

ಒಂದೊಂದಾಗಿ ಗಂಟೆಗಳು ನಿಂತವು. ಕಿವಿಯಲ್ಲಿ ಗುಂಯ್ ಎನ್ನುವುದು ಮಾತ್ರ ಉಳಿಯಿತು. ಕ್ಲೆಮ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಮಿಸ್ ಪೀಕ್ ಗೋಡೆಯ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಂಡಳು. ನಾನು ಯಾವ ನಾಚಿಕೆಯೂ ಇಲ್ಲದೆ ಗೋಳೋ ಎಂದು ಅತ್ತೆ.

ಸೆತ್ ಮಾತ್ರ ಹಗ್ಗ ಹಿಡಿದೇ ನಿಂತಿದ್ದ. ಬೆರಳುಗಳು ಉಣ್ಣೆಯ ಹಿಡಿಯ ಸುತ್ತ ಬಿಗಿದುಕೊಂಡು ಬೆಳ್ಳಗಾಗಿದ್ದವು. ಅಮೋಸ್ ತನ್ನ ಹಗ್ಗವನ್ನು ಹಾಗೇ ಬಿಟ್ಟು ಅವನ ಎದುರಿಗೆ ಹೋಗಿ ನಿಂತು, ಆ ಕೈಗಳ ಮೇಲೆ ತನ್ನ ಕೈ ಇಟ್ಟ.

“ಬಿಡೋ ಸೆತ್. ಮುಗೀತು.”

“ಎಲ್ಲಾನೂ ಬಂತಾ?”

“ಎಲ್ಲಾನೂ ಬಂತು.”

“ಆ ನಲವತ್ತೆರಡೂ?”

“ಅವೂ ಬಂದ್ವು. ಇನ್ನು ಯಾವುದೂ ಉಳಿದಿಲ್ಲ ಕಣೋ. ಇನ್ನೊಂದು ಸಾಲು ಬಾರಿಸಿದ್ರೂ ಅದು ನೀನು ಆಗ್ಲೇ ಬಾರಿಸಿರೋದೇ.”

ಸೆತ್ ಮೇಲೆ, ಹಗ್ಗ ಹಾದುಹೋಗುವ ಛಾವಣಿಯ ತೂತಿನ ಕಡೆ ನೋಡಿದ. ಆಮೇಲೆ ತಲೆಯಾಡಿಸಿದ. ಅವನ ಬೆರಳುಗಳು ಒಂದರ ಹಿಂದೆ ಒಂದು ತಾವೇ ಸಡಿಲಿದವು, ಹಗ್ಗ ಅಮೋಸ್‌ನ ಕೈಗೆ ಬಂತು.